ಫೋನಿನೊಳಗೆ ಶರ್ಟು, ಗೆಳೆಯನೇ ಕನ್ನಡಿ!

ಹೀರೋ ಪರದೆ ಮೇಲೆ ಬಂದ. ನೀವು ಶಿಳ್ಳೆ ಹೊಡೆದಿರಿ, ಕಾಗದದ ಚೂರು ತೂರಿದಿರಿ, ಸೀಟಿನ ಮೇಲೆ ಹತ್ತಿ ಕುಣಿದಿರಿ. ಎಲ್ಲ ಸರಿ. ಆದರೆ ಎರಡನೇ ಹಾಡು ಬರುವ ಹೊತ್ತಿಗೆ ನಿಮ್ಮ ಕಣ್ಣು ಎಲ್ಲಿ ನೆಟ್ಟಿತ್ತು? ನಾಯಕಿಯ ಮೇಲೆ ಅಂತ ಸುಳ್ಳು ಹೇಳಬೇಡಿ ಸ್ವಾಮಿ! ಹೀರೋ ತೊಟ್ಟಿದ್ದ ಶರ್ಟಿನ ಮೇಲೆ! ಪಕ್ಕದಲ್ಲಿದ್ದ ಗೆಳೆಯನ ಪಕ್ಕೆ ತಿವಿದು, "ಲೋ ಮಗಾ, ಆ ಶರ್ಟು ನೋಡೋ..." ಅಂದದ್ದು ನಿಜ ತಾನೆ?

ನಾಚಿಕೊಳ್ಳಬೇಡಿ. ಇದು ನಿನ್ನೆ ಮೊನ್ನೆ ಹತ್ತಿದ ಕಾಯಿಲೆಯಲ್ಲ. 1968ರಲ್ಲಿ 'ಜೇಡರ ಬಲೆ' ಬಂದು ಅಣ್ಣಾವ್ರು ಸಿ.ಐ.ಡಿ. 999 ಆಗಿ ಠೀವಿಯಿಂದ ನಿಂತಾಗಲೂ ಇತ್ತು. 1972ರ 'ನಾಗರಹಾವು' ರಾಮಾಚಾರಿಯನ್ನು ಹುಡುಗರ ಎದೆಗೆ ಇಳಿಸಿದಾಗಲೂ ಇತ್ತು. 1987ರಲ್ಲಿ 'ಪ್ರೇಮಲೋಕ' ಬಂದಾಗ ಕಾಲೇಜು ಕಾಲೇಜಿಗೇ ಹಬ್ಬಿತು. ಎಪ್ಪತ್ತರ ದಶಕದ ಬೆಲ್ ಬಾಟಂ ಅಂತೂ ಬೀದಿ ಗುಡಿಸುತ್ತಿತ್ತು. ಆ ಪ್ಯಾಂಟಿನ ಹೆಸರನ್ನೇ 2019ರಲ್ಲಿ ರಿಷಬ್ ಶೆಟ್ಟಿ ನಾಯಕರಾದ ಒಂದು ಚಿತ್ರಕ್ಕೆ ಇಟ್ಟದ್ದು ನಿಮಗೆ ಗೊತ್ತೇ ಇದೆ.

ಆಗ ಹೀರೋ ಶರ್ಟು ಬೇಕೆಂದರೆ ದಾರಿ ಒಂದೇ. ಸಿನಿಮಾ ಪತ್ರಿಕೆಯ ಪುಟ ಮಡಚಿ ಜೇಬಿಗಿಟ್ಟುಕೊಂಡು, ಬಟ್ಟೆ ಅಂಗಡಿಗೆ ಹೋಗಿ, ಮೀಟರ್ ಲೆಕ್ಕದಲ್ಲಿ ಬಟ್ಟೆ ಹರಿಸಿ, ಟೈಲರ್ ಮುಂದೆ ಪುಟ ಬಿಡಿಸಿ "ಇದೇ ಥರ ಕಾಲರು ಬೇಕು ಅಣ್ಣಾ" ಅನ್ನುವುದು! ಜತೆಗೆ ಒಬ್ಬ ಗೆಳೆಯ ಇದ್ದೇ ಇರುತ್ತಿದ್ದ.

ಈಗ? ಇಂಟರ್‌ವಲ್‌ನಲ್ಲೇ ಫೋನು ಈಚೆಗೆ ಬರುತ್ತದೆ. ಒಂದು ಬಾರಿ ಬೆರಳಾಡಿಸಿದರೆ ಇನ್ನೂರು ಶರ್ಟು ಸಾಲಾಗಿ ನಿಲ್ಲುತ್ತವೆ. ಕ್ಲೈಮ್ಯಾಕ್ಸ್ ಫೈಟಿಗೆ ಮುಂಚೆ ಆರ್ಡರು! ನಾಲ್ಕು ದಿನಕ್ಕೆ ಮನೆ ಬಾಗಿಲಿಗೆ ಪಾರ್ಸೆಲ್ಲು. ಬಿಚ್ಚಿ ತೊಟ್ಟರೆ... ಭುಜ ಮೊಣಕೈಗೆ ಇಳಿದಿದೆ, ಬಣ್ಣ ಬೇರೆ, ಬಟ್ಟೆ ಸೊಳ್ಳೆ ಪರದೆಯಷ್ಟು ತೆಳ್ಳಗೆ! ಗ್ಯಾರೇಜಿನಲ್ಲಿ ಬೆವರು ಸುರಿಸಿ ದುಡಿದ 1,200 ರೂಪಾಯಿ ಬೀರುವಿನ ಮೂಲೆ ಸೇರಿತು. ಅಕ್ಕನ ಮದುವೆಗೆ ಮತ್ತೆ ಹಳೇ ಶರ್ಟೇ ಗತಿ!

ಈ ಫಜೀತಿ ಯಾಕಾಗುತ್ತದೆ? ತಪ್ಪಿಸುವ ಉಪಾಯ ಇಲ್ಲವೇ? ಇದೆ. ಅದಕ್ಕೆ ದುಡ್ಡು ಬೇಡ. ಒಂದು ಅಳತೆ ಟೇಪು, ಒಬ್ಬ ನಿಜವಾದ ಗೆಳೆಯ, ಇಷ್ಟು ಸಾಕು!

ಬೆಂಗಳೂರಲ್ಲೇ ಮುಹೂರ್ತ!

ಈ ಫೋನ್ ಅಂಗಡಿಗಳ ಕತೆಯಲ್ಲಿ ನಮ್ಮೂರಿಗೆ ದೊಡ್ಡ ಪಾತ್ರ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಮಾರುತ್ತಿದ್ದದ್ದು ಪುಸ್ತಕ. ಅದೇ ವರ್ಷ ಅದೇ ಊರಲ್ಲಿ ಹುಟ್ಟಿದ ಮಿಂತ್ರಾ ಮೊದಲು ಮಾರಿದ್ದು ಹೆಸರು, ಚಿತ್ರ ಅಚ್ಚು ಹಾಕಿಸಿದ ಉಡುಗೊರೆಗಳನ್ನು. ಬಟ್ಟೆಗೆ ಬಂದದ್ದು ಆಮೇಲೆ. 2014ರಲ್ಲಿ ಫ್ಲಿಪ್‌ಕಾರ್ಟ್ ಮಿಂತ್ರಾವನ್ನು ಕೊಂಡುಕೊಂಡಿತು. 2015ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಮೀಶೋ ಹಿಡಿದದ್ದು ಇನ್ನೊಂದು ದಾರಿ: ಮನೆಯಲ್ಲಿ ಕೂತವರು ಬಟ್ಟೆಯ ಫೋಟೋಗಳನ್ನು ವಾಟ್ಸಾಪಿನಲ್ಲಿ ಬಳಗಕ್ಕೆ, ಗೆಳೆಯರಿಗೆ ಕಳಿಸಿ ಆರ್ಡರು ಹಿಡಿಯುವ ದಾರಿ.

ಆದರೆ ನಮ್ಮ ಜನ ಅಷ್ಟು ಸುಲಭಕ್ಕೆ ನಂಬುವವರೇ? ಮುಟ್ಟಿ ನೋಡದೆ ಬಟ್ಟೆಗೆ ಮುಂಗಡ ದುಡ್ಡು ಕೊಡುವುದೇ! 2010ರಲ್ಲಿ ಫ್ಲಿಪ್‌ಕಾರ್ಟ್ 'ಕ್ಯಾಶ್ ಆನ್ ಡೆಲಿವರಿ' ತಂದಿತು. ಮಾಲು ಕೈಗೆ ಬಂದ ಮೇಲೆ ಕಾಸು. ಆಗ ಬಿತ್ತು ನೋಡಿ ಜನ! 2016ರಲ್ಲಿ ಯುಪಿಐ ಬಂದ ಮೇಲಂತೂ ಬೀಡಾ ಅಂಗಡಿಯಿಂದ ಬಟ್ಟೆ ಅಂಗಡಿವರೆಗೆ ಎಲ್ಲ ಫೋನಿನಲ್ಲೇ.

ಅನುಕೂಲವಾಯಿತು, ಇಲ್ಲವೆನ್ನುವುದಿಲ್ಲ. ಕುಗ್ರಾಮದ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಈಗ ಒಂದೇ ಅಂಗಡಿ. ಆದರೆ ಒಂದು ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ. ಹಿಂದೆ ಒಂದು ಶರ್ಟಿನ ಹಿಂದೆ ಮೂವರು ಇರುತ್ತಿದ್ದರು. ಅಂಗಡಿಯಾತ ಬಟ್ಟೆಯ ಗುಣ ಹೇಳುತ್ತಿದ್ದ. ಟೈಲರು ಮೈ ಅಳೆಯುತ್ತಿದ್ದ. ಗೆಳೆಯ ಒಪ್ಪುತ್ತದೋ ಇಲ್ಲವೋ ಅಂತ ತೀರ್ಪು ಕೊಡುತ್ತಿದ್ದ. ಫೋನು ಮೊದಲಿನ ಇಬ್ಬರನ್ನು ಕತೆಯಿಂದ ತೆಗೆದೇ ಹಾಕಿತು. ಉಳಿದವನು ಗೆಳೆಯ ಒಬ್ಬನೇ! ಮೂವರ ಕೆಲಸವೂ ಈಗ ಅವನ ತಲೆ ಮೇಲೆ. ಅವನೋ, ನೀವು ಕಳಿಸಿದ ಫೋಟೋಗೆ "ಸೂಪರ್ ಮಗಾ" ಅಂತ ಒತ್ತಿ ಟೀ ಕುಡಿಯಲು ಹೋಗಿರುತ್ತಾನೆ!

'ಎಲ್' ಅಂದರೆ ಎಷ್ಟು ಇಂಚು?

ಮೊದಲು ಟೈಲರ್ ಕೆಲಸ ನೋಡೋಣ. "ನಂದು ಎಲ್ ಸೈಜು" ಅನ್ನುತ್ತೀರಲ್ಲ, ಯಾವ ಕಂಪನಿಯ ಎಲ್? ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಂ ಆಗಿರುತ್ತದೆ. ನಮ್ಮ ದೇಶದ ಮೈಕಟ್ಟಿಗೆಂದೇ ಒಂದು ಅಳತೆ ಪಟ್ಟಿ ಇರಲಿ ಎಂದು ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಎಂಬ ಯೋಜನೆಯಲ್ಲಿ, ಬೆಂಗಳೂರೂ ಸೇರಿದಂತೆ 6 ನಗರಗಳ 25,000 ಮಂದಿಯ ಅಳತೆ ಹಿಡಿಯುವ ಕೆಲಸ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಅಂಗಡಿಗಳಲ್ಲಿ ಎದ್ದು ಕಾಣುವುದು ಮಾತ್ರ ಪರದೇಶದಿಂದ ಬಂದ ಎಸ್, ಎಂ, ಎಲ್ ಅಕ್ಷರಗಳೇ.

ಆದ್ದರಿಂದ ಅಕ್ಷರ ನಂಬಬೇಡಿ, ಇಂಚು ನಂಬಿ. ನಿಮ್ಮ ಹತ್ತಿರ ಇರುವ ಶರ್ಟುಗಳಲ್ಲಿ ಯಾವುದನ್ನು ತೊಟ್ಟಾಗ "ಏನೋ ಹೀರೋ ಥರ ಕಾಣ್ತೀಯ" ಅಂತ ನಾಲ್ಕು ಜನ ಅಂದಿದ್ದಾರೋ ಅದನ್ನು ತೆಗೆಯಿರಿ. ಗುಂಡಿ ಹಾಕಿ ಚಾಪೆ ಮೇಲೆ ಸುಕ್ಕಿಲ್ಲದೆ ಹರಡಿ. ಗೆಳೆಯನ ಕೈಗೆ ಟೇಪು ಕೊಡಿ. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದಕ್ಕೆ ಎಷ್ಟು? 21 ಇಂಚು ಬಂದರೆ ಶರ್ಟಿನ ಎದೆ ಸುತ್ತಳತೆ 42. ಭುಜದ ಹೊಲಿಗೆಯಿಂದ ಹೊಲಿಗೆಗೆ ಎಷ್ಟು? ಕಾಲರಿನ ಬುಡದಿಂದ ಕೆಳಅಂಚಿಗೆ ಎಷ್ಟು? ತೋಳು ಎಷ್ಟು? ನಾಲ್ಕು ಅಂಕಿ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ಕೆಲವು ಕಡೆ ಸೆಂಟಿಮೀಟರ್ ಕೊಟ್ಟಿರುತ್ತಾರೆ. 1 ಇಂಚಿಗೆ 2.54 ಸೆಂಟಿಮೀಟರ್.

ಇಲ್ಲೇ ಒಂದು ಗುಂಡಿ ಇದೆ, ಬೀಳಬೇಡಿ! ಅಳತೆ ಪಟ್ಟಿಗಳಲ್ಲಿ ಎರಡು ಜಾತಿ. ಒಂದು ಮೈ ಅಳತೆ, ಇನ್ನೊಂದು ಉಡುಪಿನ ಅಳತೆ. ಉಸಿರಾಡಲು, ಕೈ ಎತ್ತಲು ಜಾಗ ಬೇಕಲ್ಲ, ಅದಕ್ಕೇ ಶರ್ಟು ಯಾವಾಗಲೂ ಮೈಗಿಂತ ಎರಡರಿಂದ ನಾಲ್ಕೈದು ಇಂಚು ದೊಡ್ಡದಾಗಿರುತ್ತದೆ. ಸ್ಲಿಮ್ ಫಿಟ್ ಆದರೆ ಕಮ್ಮಿ, ಸಡಿಲ ಶರ್ಟಾದರೆ ಜಾಸ್ತಿ. ನೀವು ಅಳೆದದ್ದು ಶರ್ಟನ್ನು, ಹೋಲಿಸಿದ್ದು ಮೈ ಪಟ್ಟಿಗೆ ಅಂದರೆ ಮುಗಿಯಿತು... ಒಂದು ಸೈಜು ದೊಡ್ಡದು ಬಂದು ಅಪ್ಪನ ಶರ್ಟು ತೊಟ್ಟ ಹಾಗೆ ಕಾಣುತ್ತೀರಿ! ಪಟ್ಟಿಯ ತಲೆಯ ಮೇಲೆ ಏನು ಬರೆದಿದೆ ಎಂದು ಮೊದಲು ಓದಿ. ಜೀನ್ಸಿಗೂ ಇದೇ ಮಂತ್ರ. 32 ಅಂತ ಬರೆದ ಪ್ಯಾಂಟಿನ ಸೊಂಟ ಟೇಪಿನಲ್ಲಿ 33, 34 ಬರುವುದುಂಟು. ಸೊಂಟ, ತೊಡೆ, ಒಳಗಾಲಿನ ಉದ್ದ, ಕೆಳಗಿನ ಬಾಟಂ ಇವಿಷ್ಟನ್ನೂ ಹಳೇ ಪ್ಯಾಂಟಿನಿಂದಲೇ ಅಳೆಯಿರಿ.

ಕ್ಯಾಮರಾ ಮೋಸ ನಿಮಗೆ ಗೊತ್ತಿಲ್ಲವೇ?

ಈಗ ಅಂಗಡಿಯಾತನ ಕೆಲಸ. ಸಿನಿಮಾ ಅಭಿಮಾನಿಗಳಾದ ನಿಮಗೆ ನಾವು ಹೇಳಿಕೊಡಬೇಕೆ? ಹತ್ತನೇ ಮಹಡಿಯಿಂದ ಹಾರುವವನು ಹೀರೋ ಅಲ್ಲ, ಡೂಪು. ಆ ಮಳೆ ನೀರಿನ ಟ್ಯಾಂಕರಿನದ್ದು. ಆ ಬೆಳದಿಂಗಳು ಲೈಟಿನದ್ದು. ಇಷ್ಟೆಲ್ಲ ಬಲ್ಲವರು ಬಟ್ಟೆಯ ಫೋಟೋ ಮುಂದೆ ಮಾತ್ರ ಯಾಕೆ ಮುಗ್ಧರಾಗುತ್ತೀರಿ? ಅಲ್ಲೂ ಸ್ಟುಡಿಯೋ, ಅಲ್ಲೂ ಲೈಟು! ಮೈಗೆ ಅಂಟಿದಂತೆ ಕಾಣುವ ಶರ್ಟಿನ ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿದಿರಬಹುದು. ತೊಟ್ಟ ಮಾಡೆಲ್ 6 ಅಡಿ ಎತ್ತರ. ಅವನ ಎತ್ತರ, ತೊಟ್ಟ ಸೈಜು ಎಷ್ಟೋ ಕಡೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ನೀವು 5 ಅಡಿ 5 ಇಂಚಾದರೆ ಅವನ ಸೊಂಟದಲ್ಲಿ ನಿಂತ ಶರ್ಟು ನಿಮ್ಮ ತೊಡೆಗೆ ಬರುತ್ತದೆ. ಅಷ್ಟೇ ಲೆಕ್ಕ.

ಹಾಗಾದರೆ ನಂಬುವುದು ಯಾರನ್ನು? ಕೊಂಡವರು ಮನೆಯ ಬೆಳಕಿನಲ್ಲಿ ತೆಗೆದು ಹಾಕಿದ ಫೋಟೋಗಳನ್ನು. ಅಲ್ಲಿ ಮೇಕಪ್ಪಿಲ್ಲ! ಅವರ ಮಾತುಗಳಲ್ಲಿ ಹೊಸದನ್ನು ಮೊದಲು ಓದಿ. ಎರಡು, ಮೂರು ಸ್ಟಾರ್ ಕೊಟ್ಟವರು ಏನಂದರು ನೋಡಿ. "ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು" ಎಂದು ಹತ್ತು ಜನ ಬರೆದಿದ್ದರೆ ಹನ್ನೊಂದನೆಯವರು ನೀವಾಗಬೇಡಿ. ಒಂದೇ ಧಾಟಿಯ ಹೊಗಳಿಕೆ ಸಾಲಾಗಿ ಬಂದರೆ ಬಾಡಿಗೆ ಚಪ್ಪಾಳೆ ಇರಬಹುದೇ ಎಂದು ಅನುಮಾನಿಸಿ. ಈ ಹಾವಳಿಗೆಂದೇ 2022ರಲ್ಲಿ ಸರ್ಕಾರ ಆನ್‌ಲೈನ್ ವಿಮರ್ಶೆಗಳಿಗೂ ಒಂದು ಬಿಐಎಸ್ ಮಾನದಂಡ ತಂದಿತು!

ಇನ್ನು ಬಟ್ಟೆ. 'ಕಾಟನ್ ಬ್ಲೆಂಡ್' ಅಂದರೆ ಪೂರ್ತಿ ಹತ್ತಿಯಲ್ಲ, ಬೆರಕೆ. ಶೇಕಡಾ ಎಷ್ಟು ಎಂದು ಹುಡುಕಿ. ಟೀ ಶರ್ಟಾದರೆ ಜಿಎಸ್‌ಎಂ ಅನ್ನುವ ಅಂಕಿ ನೋಡಿ. ಅದು ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. 140ರ ಆಸುಪಾಸು ತೆಳು. 180 ದಿನಬಳಕೆಗೆ ಸೊಗಸು. ಈಗಿನ ಹುಡುಗರ ದೊಗಲೆ ಟೀ ಶರ್ಟುಗಳು 220, 240ರವರೆಗೂ ಹೋಗುತ್ತವೆ. ನೋಡಲು ಗತ್ತು, ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಮಾತ್ರ ಬೆವರಿನ ಅಭಿಷೇಕ!

ಗೆಳೆಯರಲ್ಲಿ ಸೆನ್ಸಾರ್ ಬೋರ್ಡು ಯಾರು?

ಇನ್ನು ಗೆಳೆಯನ ಸ್ವಂತ ಕೆಲಸ. ಅದೇ ತೀರ್ಪು! ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ನೀವು ಗೋಣಿಚೀಲ ತೊಟ್ಟರೂ "ಗುರೂ, ರಾಕಿಂಗ್!" ಅನ್ನುವವನು. ಒಳ್ಳೆಯ ಹುಡುಗ, ಪಾಪ. ಆದರೆ ಬಟ್ಟೆ ಕೊಳ್ಳುವಾಗ ಅವನು ಬೇಡ. ಇನ್ನೊಬ್ಬ ಇರುತ್ತಾನೆ. "ಥೂ, ಈ ಬಣ್ಣದಲ್ಲಿ ಟ್ಯೂಬ್‌ಲೈಟ್ ಥರ ಕಾಣ್ತೀಯ" ಅಂತ ಮುಖದ ಮೇಲೇ ಹೇಳುವವನು. ಅವನ ಮೇಲೆ ಸಿಟ್ಟು ಬರುತ್ತದೆ. ಬರಲಿ! ನಿಮ್ಮ ಸೆನ್ಸಾರ್ ಬೋರ್ಡು ಅವನೇ. ಅವನ ಕತ್ತರಿಯಿಂದ ಪಾರಾದ ಶರ್ಟು ನೂರು ದಿನ ಓಡುತ್ತದೆ.

ಕೇಳುವ ರೀತಿಯೂ ಮುಖ್ಯ. "ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನುತ್ತಾರೆ. ಸಂಕೋಚ! ಹಾಗೆ ಕೇಳಬೇಡಿ. "ಈ ಎರಡರಲ್ಲಿ ಯಾವುದು ಬೇಡ?" ಅಂತ ಕೇಳಿ. "ನನ್ನ ಹತ್ತಿರ ಇರೋ ಯಾವ ಪ್ಯಾಂಟಿಗೆ ಹೊಂದುತ್ತೆ?" ಅಂತ ಕೇಳಿ. ನಿಮ್ಮ ಬೀರು ನಿಮಗಿಂತ ಅವನಿಗೇ ಚೆನ್ನಾಗಿ ಗೊತ್ತು, ಅರ್ಧ ಬಟ್ಟೆ ಅವನೇ ಇಸ್ಕೊಂಡು ಹೋಗಿರುತ್ತಾನಲ್ಲ! ಹೀಗೆ ಕೇಳಿದಾಗ ಎಷ್ಟೋ ಸಲ ಬರುವ ಉತ್ತರ ಒಂದೇ: "ಇಂಥದ್ದೇ ಎರಡು ಇದೆಯಲ್ಲೋ ನಿನ್ನ ಹತ್ರ!" ಆ ಒಂದು ಮಾತಿಗೆ ಸಾವಿರ ರೂಪಾಯಿ ಉಳಿಯಿತು.

ನಿಮ್ಮದೇ ಮೈಕಟ್ಟಿನ ಗೆಳೆಯ ಆ ಕಂಪನಿಯ ಶರ್ಟು ಆಗಲೇ ಕೊಂಡಿದ್ದರೆ ನೀವೇ ಅದೃಷ್ಟವಂತರು. ಅವನದ್ದನ್ನು ಹತ್ತು ನಿಮಿಷ ತೊಟ್ಟು ನೋಡಿ, ಯಾವ ಅಳತೆ ಪಟ್ಟಿಯೂ ಅದಕ್ಕೆ ಸಮನಲ್ಲ. ಗೆಳೆಯ ದುಬೈಯಲ್ಲೋ ಪುಣೆಯಲ್ಲೋ ದುಡಿಯುತ್ತಿದ್ದಾನೆಯೇ? ವೀಡಿಯೋ ಕಾಲ್ ಇದೆ. ಹಗಲು ಹೊತ್ತು ಕಿಟಕಿ ಪಕ್ಕ ನಿಂತು, ಮುಂದೆ, ಹಿಂದೆ, ಕೈ ಎತ್ತಿ ತೋರಿಸಿ. ಫೋನಿನ ಫಿಲ್ಟರ್ ಮಾತ್ರ ತೆಗೆದುಬಿಡಿ, ಇಲ್ಲದಿದ್ದರೆ ಅವನು ಮೆಚ್ಚುವುದು ಫಿಲ್ಟರನ್ನು, ಶರ್ಟನ್ನಲ್ಲ.

ಒಂದು ಎಚ್ಚರಿಕೆ. ಸೆನ್ಸಾರು ಬಟ್ಟೆಗೆ, ಮೈಗಲ್ಲ. "ಭುಜ ಇಳಿದಿದೆ, ಚಿಕ್ಕ ಸೈಜು ತಗೋ" ಅನ್ನುವುದು ಸ್ನೇಹ. "ನಿನ್ನ ಬಣ್ಣಕ್ಕೆ, ನಿನ್ನ ಹೊಟ್ಟೆಗೆ ಇದೆಲ್ಲ ಯಾಕೆ" ಅನ್ನುವುದು ಸ್ನೇಹವಲ್ಲ. ಹಾಗೆ ಅನ್ನಿಸಿಕೊಂಡು ಕನ್ನಡಿ ಮುಂದೆ ನಿಲ್ಲುವುದನ್ನೇ ಬಿಟ್ಟ ಹುಡುಗರಿದ್ದಾರೆ. ತಮಾಷೆ ಮಾಡುವ ಮುಂಚೆ ಒಂದು ಕ್ಷಣ ಯೋಚಿಸಿ.

ದುಡ್ಡು ಬಂದಲ್ಲಿ ಟ್ವಿಸ್ಟು!

ಒಬ್ಬನ ಕಾರ್ಡಿಗೆ ರಿಯಾಯಿತಿ, ಇನ್ನೊಬ್ಬನ ಖಾತೆಯಲ್ಲಿ ಕೂಪನ್ನು, ಮೂವರ ಶರ್ಟು ಒಟ್ಟು ಸೇರಿಸಿದರೆ ಡೆಲಿವರಿ ಪುಕ್ಕಟೆ. ಗೆಳೆಯರು ಕೂಡಿ ಕೊಂಡರೆ ಇಂಥ ಲಾಭವುಂಟು. ಜಗಳ ಹುಟ್ಟುವುದೂ ಇಲ್ಲೇ. "ಸಂಬಳ ಆದ್ಮೇಲೆ ಕೊಡ್ತೀನಿ ಮಗಾ" ಅಂದವನು ಸಂಬಳದ ದಿನ ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಾನೆ! ಕಾರ್ಡಿನ ಬಿಲ್ಲು ಕಟ್ಟುವವನು ಬಡ್ಡಿಯನ್ನೂ ಕಟ್ಟುತ್ತಾನೆ. ಆದ್ದರಿಂದ ನಿಯಮ ಒಂದೇ: ಆರ್ಡರು ಹೋದ ದಿನವೇ ಅವರವರ ಪಾಲು ಯುಪಿಐನಲ್ಲಿ ಸಂದಾಯ. ವಾಪಸು ಕಳಿಸಿದ ದುಡ್ಡು ಖಾತೆಯವನಿಗೆ ಬಂದಾಗ ಅವನೂ ಅದೇ ದಿನ ಹಿಂದಿರುಗಿಸಬೇಕು. ಲೆಕ್ಕ ಸರಿ ಇದ್ದರೆ ಸ್ನೇಹ ಗಟ್ಟಿ.

'ಈಗ ತಗೊಳ್ಳಿ, ಆಮೇಲೆ ಕೊಡಿ' ಅನ್ನುವ ಗುಂಡಿ ಒತ್ತುವ ಮುನ್ನ ನೆನಪಿರಲಿ, ಅದು ಉಡುಗೊರೆಯಲ್ಲ, ಸಾಲ. ತಡವಾದರೆ ದಂಡ. 'ಇನ್ನು 2 ಮಾತ್ರ ಉಳಿದಿವೆ', 'ಇನ್ನು 10 ನಿಮಿಷ' ಎಂದು ಓಡುವ ಗಡಿಯಾರಕ್ಕೂ ಹೆದರಬೇಡಿ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು ಸೇರಿದಂತೆ ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಆರಿಸಿದ ಶರ್ಟನ್ನು ಬುಟ್ಟಿಯಲ್ಲೇ ಒಂದು ರಾತ್ರಿ ಮಲಗಿಸಿ. ಬೆಳಿಗ್ಗೆ ಎದ್ದಾಗಲೂ ಬೇಕೆನಿಸಿದರೆ ಕೊಳ್ಳಿ.

ವಿಲನ್ ಬಂದ!

ಖಳನಾಯಕನಿಲ್ಲದ ಚಿತ್ರವುಂಟೇ? ಹೆಸರಾಂತ ಕಂಪನಿಯ ಮುಖವಾಡ ತೊಟ್ಟ ನಕಲಿ ಅಂಗಡಿ, 4,000ದ ಜಾಕೆಟ್ಟು 399ಕ್ಕೆ! ಮುಂಗಡ ದುಡ್ಡು ಮಾತ್ರ ಬೇಕು. ಕಟ್ಟಿದಿರೋ, ಅಂಗಡಿಯೇ ಮಾಯ. ಇಂಥ ಲಿಂಕು ಎಷ್ಟೋ ಸಲ ಗೆಳೆಯನಿಂದಲೇ ಬಂದಿರುತ್ತದೆ. ಅವನಿಗೂ ಯಾರೋ ಕಳಿಸಿರುತ್ತಾರೆ. ಗೆಳೆಯ ಕಳಿಸಿದ ಅಂತ ನಂಬಬೇಡಿ, "ನೀನು ಕೊಂಡಿದ್ದೀಯಾ? ಮಾಲು ಬಂತಾ?" ಅಂತ ಕೇಳಿ.

ಇನ್ನೊಬ್ಬ ವಿಲನ್ ಫೋನಿನಲ್ಲಿ ಬರುತ್ತಾನೆ. "ಸಾರ್, ನಿಮ್ಮ ರೀಫಂಡ್ ಕಳಿಸ್ತೀವಿ, ಓಟಿಪಿ ಹೇಳಿ, ಪಿನ್ ಒತ್ತಿ, ಈ ಆಪ್ ಹಾಕ್ಕೊಳ್ಳಿ..." ಮೂರೂ ಬೇಡ! ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡು. ಕಸ್ಟಮರ್ ಕೇರ್ ನಂಬರನ್ನು ಎಲ್ಲೆಲ್ಲೋ ಹುಡುಕದೆ, ಆ ಅಂಗಡಿಯ ಆಪಿನೊಳಗೇ ನೋಡಿ. ಮೋಸ ಹೋದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

ಪಾರ್ಸೆಲ್ ಬಂತು, ಮುಂದೇನು?

ಪೊಟ್ಟಣ ಬಿಚ್ಚುವಾಗ ಗೆಳೆಯನಿಗೆ ಫೋನ್ ಕೊಟ್ಟು ವೀಡಿಯೋ ತೆಗೆಸಿ. ವಿಳಾಸದ ಚೀಟಿಯಿಂದ ಹಿಡಿದು ಶರ್ಟು ಈಚೆ ಬರುವವರೆಗೆ ಒಂದೇ ಶಾಟು, ಕಟ್ ಇಲ್ಲದೆ! ನೀಲಿ ಬದಲು ಹಸಿರು ಬಂದರೆ ಅದೇ ನಿಮ್ಮ ಸಾಕ್ಷಿ. ಟ್ಯಾಗು ಕೀಳಬೇಡಿ, ಒಗೆಯಬೇಡಿ, ಸೆಂಟು ಹಾಕಬೇಡಿ. ತೊಟ್ಟು ಕೂತು, ಎದ್ದು, ಕೈ ಎತ್ತಿ ನೋಡಿ. ವಾಪಸು ಕಳಿಸಲು ಎಷ್ಟು ದಿನ ಗಡುವು ಎಂಬುದನ್ನು ಕೊಳ್ಳುವ ಮೊದಲೇ ಓದಿ. ಒಳ ಉಡುಪುಗಳನ್ನು ಸಾಮಾನ್ಯವಾಗಿ ವಾಪಸು ಪಡೆಯುವುದಿಲ್ಲ.

ಕಾನೂನೂ ನಿಮ್ಮ ಕಡೆ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಹೇಳಿದ ಗುಣ ಇಲ್ಲದಿದ್ದರೆ ಮಾರಿದವನು ವಾಪಸು ಪಡೆಯಲಾರೆ ಎನ್ನುವಂತಿಲ್ಲ. ದೂರು ಕೊಟ್ಟರೆ 48 ಗಂಟೆಯೊಳಗೆ ತಲುಪಿತೆಂದು ಹೇಳಬೇಕು, 1 ತಿಂಗಳೊಳಗೆ ಪರಿಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಎಲ್ಲ ಸರಿ, ತೋಳು ಮಾತ್ರ ಒಂದಿಂಚು ಉದ್ದ ಅಂದಿರಾ? ಅದಕ್ಕೆ ವಾಪಸು ಕಳಿಸಬೇಕೇ? ನಿಮ್ಮ ಬೀದಿಯ ಟೈಲರ್ ಎಲ್ಲಿಗೂ ಹೋಗಿಲ್ಲ. ತೋಳು, ಸೊಂಟ, ಪ್ಯಾಂಟಿನ ಉದ್ದ ಅರ್ಧ ಗಂಟೆಯ ಕೆಲಸ. ಭುಜ ಮಾತ್ರ ಸರಿ ಇರಲಿ. ಅದನ್ನು ಬಿಚ್ಚಿ ಕೂರಿಸುವುದು ತ್ರಾಸು. ಇನ್ನೊಂದು ಮಾತು. ಬಳ್ಳಾರಿ ನಮ್ಮ ನಾಡಿನ ಜೀನ್ಸ್ ಊರು. ಅಲ್ಲಿ ಮನೆಮನೆಯ ಹೊಲಿಗೆ ಯಂತ್ರಗಳ ಮೇಲೆ ಪ್ಯಾಂಟುಗಳು ತಯಾರಾಗುತ್ತವೆ. ಹೊಸಪೇಟೆಯಲ್ಲೋ ಸಿರುಗುಪ್ಪದಲ್ಲೋ ಕೂತು ಫೋನಿನಲ್ಲಿ ಜೀನ್ಸ್ ಹುಡುಕುವ ಹುಡುಗ ಒಂದು ಭಾನುವಾರ ಗೆಳೆಯನ ಜತೆ ಬಸ್ಸು ಹತ್ತಿ ಹೋದರೆ ಮುಟ್ಟಿ, ತೊಟ್ಟು, ಚೌಕಾಸಿ ಮಾಡಿ ತರಬಹುದು!

ಮುಂದಿನ ಶುಕ್ರವಾರ ಹೊಸ ಚಿತ್ರ, ಹೊಸ ಹೀರೋ, ಹೊಸ ಶರ್ಟು. ಕೊಳ್ಳಿ, ಯಾರು ಬೇಡ ಅಂದರು? ಆದರೆ ಹೀರೋ ಶರ್ಟು ಹೀರೋ ಅಳತೆಗೆ ಹೊಲಿದದ್ದು. ನಿಮ್ಮ ಅಳತೆ ಬಲ್ಲವನು ಟೇಪು ಹಿಡಿದು ನಿಮ್ಮ ಪಕ್ಕದಲ್ಲೇ ಕೂತಿದ್ದಾನೆ. ಅವನು "ಬೇಡ ಮಗಾ" ಅಂದಾಗ ಒಂದು ಸಲ ಕಿವಿಗೊಡಿ. ಅವನ ಸರದಿ ಬಂದಾಗ ನೀವೂ ನಿಜವನ್ನೇ ಹೇಳಿ.

ಏನಂತೀರಿ?